ಅಮ್ಮನ ಒಂದು ದಿನದ ದಾರಿ

ಎರಡು ವಿಮಾನ ನಿಲ್ದಾಣಗಳ ನಡುವೆ ಎಷ್ಟು ದೂರ ಎಂದು ಕೇಳುವ ಗಿರಾಕಿಗಳನ್ನು ಕಂಡರೆ ನನಗೆ ಮೈ ಉರಿಯುತ್ತದೆ. ದೂರ ಕಟ್ಟಿಕೊಂಡು ನಿಮಗೇನಾಗಬೇಕು? ನೀವೇನು ನಡೆದು ಹೋಗುತ್ತೀರಾ? ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಕೇಳಿ, ಹೇಳುತ್ತೇನೆ. ಎಲ್ಲಿ ಇಳಿಯಬೇಕು, ಎಲ್ಲಿ ಕಾಯಬೇಕು, ಯಾವ ಗೇಟಿನಿಂದ ಯಾವ ಗೇಟಿಗೆ ಹೋಗಬೇಕು ಎಂದು ಕೇಳಿ, ಅದನ್ನೂ ಹೇಳುತ್ತೇನೆ. ಇಪ್ಪತ್ತು ವರ್ಷಗಳಿಂದ ಒಂದೇ ಟ್ರಾವೆಲ್ ಏಜೆನ್ಸಿಯ ಕಿಟಕಿ ಪಕ್ಕದ ಒಂದೇ ಕುರ್ಚಿಯಲ್ಲಿ ಕೂತು ಇದನ್ನೇ ಹೇಳಿದ್ದೇನೆ. ನಾನು ಮಾತ್ರ ಒಮ್ಮೆಯೂ ವಿಮಾನ ಹತ್ತಿದವಳಲ್ಲ. ಯಾಕೆ ಎಂಬುದನ್ನು ಆಮೇಲೆ ಹೇಳುತ್ತೇನೆ. ಅದನ್ನು ನೆನೆಸಿಕೊಂಡರೆ ಇನ್ನೂ ಒಂದು ಸುತ್ತು ಮೈ ಉರಿಯುತ್ತದೆ.

ಮನೆಯಲ್ಲಿ ನನ್ನ ಹೆಸರು ಮೆಣಸಿನಕಾಯಿ. ಇಟ್ಟವಳು ಅಕ್ಕ, ಬಳಸುವವರು ಎಲ್ಲರೂ.

ಆ ದಿನ ಟೋಕನ್ ಕೂಗಿದಾಗ ಎದುರಿನ ಕುರ್ಚಿಗೆ ಬಂದು ಕೂತವಳು ನಮ್ಮಮ್ಮ. ಅದೇ ಬೆಳಗ್ಗೆ ಒಂದೇ ಮೇಜಿನಲ್ಲಿ ಕೂತು ಚಹಾ ಕುಡಿದಿದ್ದೆವು, ಆಗ ತುಟಿ ಬಿಚ್ಚಿರಲಿಲ್ಲ. ಈಗ ನೋಡಿದರೆ ಒಳ್ಳೆಯ ಬಟ್ಟೆ ಹಾಕಿಕೊಂಡು, ತಲೆ ನುಣ್ಣಗೆ ಬಾಚಿಕೊಂಡು, ಕೈಚೀಲವನ್ನು ತೊಡೆಯ ಮೇಲೆ ನೆಟ್ಟಗೆ ಇಟ್ಟುಕೊಂಡು ಕೂತಿದ್ದಾಳೆ.

“ಏನಮ್ಮಾ ಇಲ್ಲಿ? ಬೀಗದಕೈ ಮರೆತು ಬಂದ್ಯಾ?”

“ಟೋಕನ್ ತಗೊಂಡು ಬಂದಿದೀನಿ. ಗಿರಾಕಿ ಹತ್ರ ಮಾತಾಡೋ ಹಾಗೆ ಮಾತಾಡು.”

“ಆಯ್ತು. ಹೇಳಿ ಮೇಡಂ, ಎಲ್ಲಿಗೆ ಹೋಗ್ಬೇಕಿತ್ತು?”

ಅಮ್ಮ ಒಂದು ಊರಿನ ಹೆಸರು ಹೇಳಿದಳು. ನಮ್ಮ ಊರಿಂದ ಅದಕ್ಕಿಂತ ದೂರದ ಊರು ಬೇಕೆಂದರೆ ಸಮುದ್ರದೊಳಗೆ ಇಳಿದು ಹುಡುಕಬೇಕು, ಅಷ್ಟು ದೂರ. ಪಕ್ಕದ ಅಂಗಡಿಯವರಿಗೋ ಯಾರಿಗೋ ವಿಚಾರಿಸಲು ಬಂದಿದ್ದಾಳೆ ಎಂದುಕೊಂಡು ಕೀಲಿಮಣೆಯ ಮೇಲೆ ಕೈಯಿಟ್ಟೆ.

“ಯಾರಿಗೆ ಟಿಕೆಟ್ಟು?”

“ನನಗೆ.”

“ವಾಪಸ್ ಯಾವತ್ತಿಗೆ?”

“ವಾಪಸ್ ಬೇಡ. ಹೋಗೋದು ಮಾತ್ರ.”

ನನ್ನ ಕೈ ಅಲ್ಲೇ ನಿಂತಿತು. ಅಮ್ಮ ಸ್ವಲ್ಪ ಮುಂದೆ ಬಗ್ಗಿ, ಸ್ವರ ತಗ್ಗಿಸಿ, “ಕನ್ನಡಕದವರು ಗೊತ್ತಲ್ಲ, ನಾವು ಮದುವೆ ಆಗೋಣ ಅಂತಿದೀವಿ,” ಎಂದಳು. ತಗ್ಗಿಸಿದ್ದು ಎಷ್ಟರಮಟ್ಟಿಗೆ ಎಂದರೆ ಮುಂದಿನ ಟೋಕನ್ನಿನವನು, ಅವನ ಹಿಂದಿನವಳು, ಗಾಜಿನ ಕೋಣೆಯೊಳಗಿದ್ದ ನಮ್ಮ ಮ್ಯಾನೇಜರ್ ಎಲ್ಲರೂ ತಲೆ ಎತ್ತಿದರು.

ಕನ್ನಡಕದವರು ಯಾರು ಎಂದು ಹೇಳಬೇಕು. ನಮ್ಮ ಕಟ್ಟಡದ ಮೇಲಿನ ಮಹಡಿಯಲ್ಲಿ ಅವರ ತಂಗಿಯ ಮಗಳ ಸಂಸಾರ ಇದೆ. ಆ ದೂರದ ಊರಿಂದ ಬಂದು ಒಂದು ಬೇಸಿಗೆಯೆಲ್ಲ ಅಲ್ಲಿದ್ದರು. ಕೋಟಿನ ಜಿಪ್ಪು ಕಿತ್ತುಹೋಯಿತೆಂದು ಅಮ್ಮನ ಹತ್ತಿರ ತಂದರು. ಅಮ್ಮ ನಮ್ಮ ಮುಂಗೋಣೆಯಲ್ಲೇ ಪರದೆ ಹೊಲಿಯುತ್ತಾಳೆ, ಬಟ್ಟೆ ರಿಪೇರಿ ಮಾಡಿಕೊಡುತ್ತಾಳೆ. ಜಿಪ್ಪು ಹಾಕುವಷ್ಟು ಹೊತ್ತು ಅವರು ಸ್ಟೂಲಿನ ಮೇಲೆ ಕೂತಿದ್ದು, ಕೊನೆಗೆ ಅಮ್ಮನ ಮೂಗಿನ ಮೇಲಿನ ಕನ್ನಡಕವನ್ನು ಕೇಳಿ ತೆಗೆದುಕೊಂಡು, ಎರಡು ಬೆರಳಲ್ಲಿ ಅದರ ಕಡ್ಡಿ ಬಗ್ಗಿಸಿ ನೇರ ಮಾಡಿ ಕೊಟ್ಟರು. ಕನ್ನಡಕ ಮಾಡುವುದೇ ಅವರ ಕಸುಬು. ಅಮ್ಮ ಅವತ್ತು ರಾತ್ರಿ ಊಟಕ್ಕೆ ಕೂತಾಗ, “ಇಷ್ಟು ವರ್ಷ ಎಲ್ಲಾನೂ ಓರೆಯಾಗಿ ನೋಡ್ತಿದ್ದೆ ಕಣೆ,” ಎಂದು ಎರಡು ಸಲ ಹೇಳಿದಳು. ಆಮೇಲೆ ಅವರ ಬಟ್ಟೆಗಳು ಒಂದರ ಹಿಂದೆ ಒಂದು ಹರಿಯತೊಡಗಿದವು. ಅವರು ತಮ್ಮ ಊರಿಗೆ ಮರಳಿದ ಮೇಲೆ ದಿನಾ ಫೋನು. ಬಟ್ಟೆಯ ವಿಷಯವೇ ಇರಬೇಕೆಂದು ನಾನು ನಂಬಿದ್ದೆ. ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

“ಅಮ್ಮಾ, ನಿನಗೆ ಅರವತ್ತೈದು.”

“ಗೊತ್ತು. ಹುಟ್ಟಿದ್ದು ನಾನೇ.”

“ಹಾಗಾದ್ರೆ ಒಂದು ದಿನದ ದಾರಿ ಏನಾಯ್ತು?” ಎಂದೆ. ಈ ಸಲ ಸ್ವರ ತಗ್ಗಿಸದೆ ಕೇಳಿದವಳು ನಾನು.

ಇದು ನಮ್ಮ ಮನೆಯ ಕಾನೂನು. ಬೇರೆ ಯಾರ ಮನೆಯಲ್ಲೂ ಇದನ್ನು ಕಂಡಿಲ್ಲ. ಬೆಳಗ್ಗೆ ತುರ್ತು ಫೋನ್ ಬಂತು ಎಂದರೆ ಮಾರನೆಯ ಬೆಳಗ್ಗೆ ಅದೇ ಹೊತ್ತಿನೊಳಗೆ ಕರೆದವರ ಮನೆಯ ಬಾಗಿಲು ತಟ್ಟಬೇಕು. ಅಷ್ಟರೊಳಗೆ ಮುಟ್ಟಲಾಗದ ಊರಿಗೆ ನಮ್ಮ ಮನೆಯ ಹೆಣ್ಣುಮಕ್ಕಳು ಹೋಗುವ ಹಾಗಿಲ್ಲ. ಮದುವೆಗಾದರೂ ಅಷ್ಟೇ, ಕೆಲಸಕ್ಕಾದರೂ ಅಷ್ಟೇ. ಅಮ್ಮ ಇದನ್ನು ಸುಮ್ಮನೆ ಮಾಡಿದ್ದಲ್ಲ. ಅವಳು ಹೊಸದಾಗಿ ಸಂಸಾರ ಹೂಡಿದ ಕಾಲದಲ್ಲಿ ಅವಳ ತಾಯಿಗೆ ಸೀರಿಯಸ್ ಎಂದು ಸುದ್ದಿ ಬಂತು. ಬಸ್ಸು, ದೋಣಿ, ಮತ್ತೆ ಬಸ್ಸು. ಗಾಳಿ ಜೋರಾಗಿ ದೋಣಿ ನಿಂತಿತ್ತು. ಇವಳು ತಲುಪುವ ಹೊತ್ತಿಗೆ ಎಲ್ಲ ಮುಗಿದು, ನೆಲ ತೊಳೆದು, ತೊಳೆದ ನೆಲ ಒಣಗಿಯೂ ಆಗಿತ್ತು. ಆ ಒಣಗಿದ ನೆಲದ ಮೇಲೆ ಕೂತು ಮನಸ್ಸಿನಲ್ಲೇ ಮಾಡಿಕೊಂಡ ಕಾನೂನು ಇದು ಎಂದು ನಮಗೆ ಎಷ್ಟೋ ಸಲ ಹೇಳಿದ್ದಾಳೆ. ಹೇಳುವಾಗಲೆಲ್ಲ ಅವಳ ದನಿ ಬೇರೆಯಾಗುತ್ತದೆ, ನಾವು ಎದುರು ಮಾತಾಡುವುದಿಲ್ಲ.

ಕಾಗದದ ಮೇಲಿನ ಲೆಕ್ಕವನ್ನೂ ಅವಳು ನಂಬುವವಳಲ್ಲ. ಅಕ್ಕನಿಗೆ ಗಂಡು ಗೊತ್ತಾದಾಗ ಒಂದು ಬೆಳಗ್ಗೆ ಹೇಳದೆ ಕೇಳದೆ ಹೊರಟು, ರೈಲು ಹಿಡಿದು, ಬಸ್ಸು ಹಿಡಿದು, ಸಂಜೆ ಆ ಮನೆಯ ಬಾಗಿಲು ತಟ್ಟಿ, “ಸರಿ, ಆಗುತ್ತೆ,” ಎಂದು ಒಂದು ಲೋಟ ನೀರು ಕುಡಿದು ವಾಪಸ್ ಬಂದವಳು. ಅಕ್ಕನ ಅತ್ತೆ ಇವತ್ತಿಗೂ ಆ ಕತೆ ಹೇಳಿ ನಗುತ್ತಾರೆ. ತಂಗಿಯ ಸಲವೂ ಹಾಗೆಯೇ ಪಾಸಾಯಿತು. ಫೇಲಾದವಳು ನಾನೊಬ್ಬಳೇ. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ನನಗೆ ಹೊರಗಿನ ಒಂದು ಊರಿನ ವಿಮಾನ ಕಂಪನಿಯಲ್ಲಿ ಕೆಲಸ ಸಿಕ್ಕಿತ್ತು. ಆಗ ಅಲ್ಲಿಗೆ ವಿಮಾನ ದಿನ ಬಿಟ್ಟು ದಿನ. ಅಮ್ಮ ವಿಚಾರಿಸಿ ಬಂದು, “ಇಲ್ಲ ಕಣೆ, ಆಗಲ್ಲ,” ಎಂದಳು. ಅತ್ತು ಕೂಗಾಡಿದೆ, ಮೂರು ದಿನ ಊಟ ಬಿಟ್ಟೆ. ಅವಳು ಜಗ್ಗಲಿಲ್ಲ. ನಾನು ಈ ಏಜೆನ್ಸಿಗೆ ಸೇರಿಕೊಂಡೆ, ಮದುವೆಯ ಮಾತೆತ್ತಿದರೆ ಮುಖ ಊದಿಸಿಕೊಂಡೆ, ಅಮ್ಮನ ಜೊತೆಯಲ್ಲೇ ಉಳಿದೆ. ಊರವರನ್ನೆಲ್ಲ ವಿಮಾನ ಹತ್ತಿಸಿದೆ, ನಾನು ಮಾತ್ರ ಹತ್ತುವುದಿಲ್ಲ ಎಂದು ಹಟ ಹಿಡಿದೆ. ಆ ಹಟ ಯಾರ ಮೇಲೆ ಎಂದು ಅಮ್ಮನಿಗೂ ಗೊತ್ತಿತ್ತು.

ಇಂಥವಳು ಈಗ ನನ್ನ ಕೌಂಟರಿನಲ್ಲೇ ಕೂತು ಹೋಗುವ ಟಿಕೆಟ್ ಮಾತ್ರ ಸಾಕು ಎನ್ನುತ್ತಿದ್ದಾಳೆ!

“ಅದಕ್ಕೇ ನಿನ್ನ ಹತ್ರ ಬಂದಿರೋದು,” ಎಂದಳು ಅಮ್ಮ ಶಾಂತವಾಗಿ. “ನಿಮಗೊಂದು ನನಗೊಂದು ಮಾಡೋಳಲ್ಲ ನಾನು. ಒಂದು ದಿನದೊಳಗೆ ಆಗೋ ಹಾಗಿದ್ರೆ ಹೋಗ್ತೀನಿ. ಇಲ್ಲಾಂದ್ರೆ ಇಲ್ಲ. ಅವರಿಗೂ ಹಾಗೇ ಹೇಳಿದೀನಿ. ನೋಡು.”

ಆಗಲಾರದು ಎಂಬ ಧೈರ್ಯದಲ್ಲೇ ನೋಡಿದೆ. ಹಾಳಾದ್ದು, ಆಗುತ್ತಿತ್ತು. ಎರಡು ವಿಮಾನ, ನಡುವೆ ಒಂದು ದೊಡ್ಡ ನಿಲ್ದಾಣದಲ್ಲಿ ಎಂಬತ್ತು ನಿಮಿಷದ ಬಿಡುವು. ಮನೆಯಿಂದ ಹೊರಡುವುದು, ಆ ಕಡೆ ಇಳಿದು ಅವರ ಮನೆ ಮುಟ್ಟುವುದು ಎಲ್ಲ ಕೂಡಿಸಿದರೂ ದಿನ ತುಂಬಲು ಇನ್ನೂ ಒಂದಿಷ್ಟು ಉಳಿಯುತ್ತಿತ್ತು. ಅಮ್ಮ ನನ್ನ ಮುಖ ನೋಡಿಯೇ ತಿಳಿದುಕೊಂಡಳು. ಅವಳ ಕಣ್ಣು ಹೊಳೆಯಿತು. ಅವಳು ಹೋದರೆ ಆ ಮನೆಯಲ್ಲಿ ಉಳಿಯುವವಳು ನಾನು, ಒಬ್ಬಳೇ.

“ಇದು ಸ್ಕ್ರೀನ್ ಮೇಲಿನ ಲೆಕ್ಕ,” ಎಂದೆ. “ಬಾಗಿಲು ತಟ್ಟಿ ನೋಡದೆ ನೀನು ಯಾವತ್ತಾದ್ರೂ ಒಪ್ಪಿದೀಯಾ?”

“ತಟ್ಟೋಣ,” ಎಂದಳು. “ಅಲ್ಲಿರೋಳು ನಾನಾದ್ರೆ, ಬರ್ಬೇಕಾದೋರು ನೀವು. ಮೂವರಲ್ಲಿ ಒಬ್ಬರು ಹೋಗಿ ತಟ್ಟಿ ಬನ್ನಿ.”

ಆ ಭಾನುವಾರ ಮೂವರೂ ಸೇರಿದೆವು. ಅಕ್ಕನಿಗೆ ಮಂಡಿನೋವು, ತಂಗಿಗೆ ಅವಳಿ ಮಕ್ಕಳು. “ನೀನೇ ಹೋಗು ಮೆಣಸಿನಕಾಯಿ, ನಿನ್ನದೇ ಡಿಪಾರ್ಟ್‌ಮೆಂಟು,” ಎಂದು ಇಬ್ಬರೂ ಕೈತೊಳೆದುಕೊಂಡರು. ಅಷ್ಟೇ ಅಲ್ಲ, ಅಕ್ಕ ಅಡುಗೆಮನೆಗೆ ಬಂದು, “ಹೋಗ್ಲಿ ಬಿಡೇ, ಪಾಪ, ಅಪ್ಪ ಹೋದ ಮೇಲೆ ಅವಳು ಇಷ್ಟು ನಕ್ಕಿದ್ದನ್ನ ನೋಡಿದೀಯಾ?” ಎಂದು ಪಿಸುಗುಟ್ಟಿದಳು. ನಿನಗೇನಮ್ಮ, ನಿನ್ನ ಮನೆ ತುಂಬಾ ಜನ ಎಂದು ಬಾಯಿಗೆ ಬಂದಿತ್ತು. ನುಂಗಿಕೊಂಡೆ.

ವೀಸಾ ಮಾಡಿಸಿದೆ, ಪೆಟ್ಟಿಗೆ ಕಟ್ಟಿ ಆಫೀಸಿನ ಮೇಜಿನ ಕೆಳಗೆ ಇಟ್ಟುಕೊಂಡೆ. ಯಾವತ್ತು ಎಂದು ಅಮ್ಮ ಹೇಳುವ ಹಾಗಿಲ್ಲ. ಹೇಳಿದರೆ ಅದು ಪರೀಕ್ಷೆಯೇ ಅಲ್ಲವಂತೆ. ತನ್ನ ಕೈಗಡಿಯಾರ ಬಿಚ್ಚಿ ನನ್ನ ಕೈಗೆ ಕಟ್ಟಿ, “ಮುಳ್ಳು ತಿರುಗಿಸ್ಬೇಡ. ಅಲ್ಲಿಯ ಹೊತ್ತು ಅಲ್ಲಿಯವರಿಗೆ. ಫೋನ್ ಬರೋದು ನಮ್ಮ ಹೊತ್ತಲ್ಲಿ,” ಎಂದಳು. ದಾರಿಯಲ್ಲಿ ಫೋನ್ ಮಾಡುವುದೂ ಕೂಡದು, ಬಾಗಿಲು ತಟ್ಟಿದ ಮೇಲೆಯೇ ಮಾತು. ಇಷ್ಟು ನಿಯಮಗಳಿದ್ದರೆ ಮದುವೆ ಯಾಕೆ, ಮಿಲಿಟರಿಗೇ ಸೇರಬಹುದಿತ್ತು.

ಒಂದು ಬುಧವಾರ ಬೆಳಗ್ಗೆ ಒಬ್ಬ ಗಿರಾಕಿಗೆ ಸೀಟು ತೋರಿಸುತ್ತಿದ್ದಾಗ ಫೋನ್ ಬಂತು. “ಹೊರಡು,” ಎಂದು ಹೇಳಿ ಇಟ್ಟೇಬಿಟ್ಟಳು. ಮ್ಯಾನೇಜರ್ ಗಾಜಿನ ಹಿಂದಿನಿಂದ ಹೆಬ್ಬೆರಳು ತೋರಿಸಿದರು. ಅವರಿಗೂ ಇದರ ಹುಚ್ಚು ಹಿಡಿದಿತ್ತು.

ಮೊದಲ ವಿಮಾನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೆಲ ಬಿಟ್ಟಾಗ ಸೀಟಿನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಆಮೇಲೆ ಮೋಡ ಕೆಳಗಾಯಿತು, ನಾನು ಹಣೆಯನ್ನು ಕಿಟಕಿಗೆ ಆನಿಸಿ ಕೂತವಳು ಏಳಲಿಲ್ಲ. ಇದನ್ನು ಇಪ್ಪತ್ತು ವರ್ಷ ಜನರಿಗೆ ಮಾರಿದ್ದೇನೆ, ಹೀಗಿರುತ್ತದೆ ಎಂದು ಒಬ್ಬರಾದರೂ ಬಂದು ಹೇಳಬಾರದಿತ್ತೇ? ಪಕ್ಕದ ಸೀಟಿನ ಹೆಂಗಸು, “ಫಸ್ಟ್ ಟೈಮಾ?” ಎಂದು ಕೇಳಿದಳು. “ಅಲ್ಲ, ನಾನು ಇದೇ ಫೀಲ್ಡು,” ಎಂದೆ. ಮಾನ ಬೇಕಲ್ಲ.

ಮರ್ಯಾದೆ ಹೋದದ್ದು ನಡುವಿನ ನಿಲ್ದಾಣದಲ್ಲಿ. ಎಂಬತ್ತು ನಿಮಿಷ ಧಾರಾಳವಾಗಿ ಸಾಕು ಎಂಬುದು ನಮ್ಮ ಕಸುಬಿನ ಪಾಠ. ವಿಮಾನ ಬದಲಿಸಲು ಅಲ್ಲಿಗೆ ನಿಗದಿಯಾದ ಕನಿಷ್ಠ ಹೊತ್ತು ಸ್ಕ್ರೀನಿನಲ್ಲೇ ಬರುತ್ತದೆ, ಅದಕ್ಕಿಂತ ಜಾಸ್ತಿ ಇದ್ದರೆ ಟಿಕೆಟ್ ಮಾಡಿಬಿಡುತ್ತೇವೆ. “ಮೇಡಂ, ವಯಸ್ಸಾದೋರು, ಓಡೋಕಾಗಲ್ಲ,” ಎಂದು ಯಾರಾದರೂ ಗೋಗರೆದರೆ, “ಓಡೋದೇನಿಲ್ಲ ಸರ್, ಆರಾಮಾಗಿ ನಡ್ಕೊಂಡು ಹೋಗ್ಬಹುದು,” ಎನ್ನುತ್ತಿದ್ದೆ. ಆರಾಮಾಗಿ! ವಿಮಾನದಿಂದ ಇಳಿಯುವುದಕ್ಕೇ ಕಾಲುಗಂಟೆ. ಆಮೇಲೆ ಒಂದು ಕಾರಿಡಾರು, ಅದರ ಕೊನೆಯಲ್ಲಿ ಇನ್ನೊಂದು, ಆಮೇಲೆ ಕಟ್ಟಡದಿಂದ ಕಟ್ಟಡಕ್ಕೆ ಹೋಗುವ ಪುಟ್ಟ ರೈಲು. ಆ ರೈಲಿಗೂ ಸಾಲು. ಬೂಟು ಬಿಚ್ಚಿ, ಬೆಲ್ಟು ಬಿಚ್ಚಿ ಎಂದು ನಿಲ್ಲಿಸುವ ತಪಾಸಣೆಯ ಮುಂದೆ ಹಾವಿನಂತೆ ಸುತ್ತಿದ ಮತ್ತೊಂದು ಸಾಲು. ನನ್ನ ಸರದಿ ಬಂದಾಗ ಯಂತ್ರ ಕೂಗಿತು, ಅಮ್ಮನ ಗಡಿಯಾರ. ಬಿಚ್ಚಿಟ್ಟು, ದಾಟಿ, ಕಟ್ಟಿಕೊಂಡು, ಬಾಲ ಸುಟ್ಟ ಬೆಕ್ಕಿನಂತೆ ಓಡಿದೆ. ಗೇಟು ತಲುಪಿದಾಗ ಗಾಜಿನ ಆಚೆ ವಿಮಾನ ಇನ್ನೂ ನಿಂತಿತ್ತು, ಬಾಗಿಲು ಮಾತ್ರ ಮುಚ್ಚಿತ್ತು.

“ಈಗಷ್ಟೇ ಮುಚ್ಚಿದ್ವಿ ಮೇಡಂ,” ಎಂದಳು ಅಲ್ಲಿದ್ದ ಹುಡುಗಿ. “ಈ ಕನೆಕ್ಷನ್ ಬಹಳ ಟೈಟು. ನಿಮಗೆ ಯಾರು ಮಾಡಿಕೊಟ್ರು?”

“ಯಾರೋ ಒಬ್ಬಳು,” ಎಂದೆ.

ಮುಂದಿನ ವಿಮಾನಕ್ಕೆ ಹಾಕಿಕೊಟ್ಟಳು. ಅದು ಮುಟ್ಟುವ ಹೊತ್ತಿಗೆ ಅಮ್ಮನ ಒಂದು ದಿನ ಮುಗಿದು ಎಷ್ಟೋ ಹೊತ್ತಾಗಿರುತ್ತದೆ. ನಾನು ಒಂದು ಕುರ್ಚಿ ಹುಡುಕಿ ಕೂತೆ, ಉಸಿರು ಹತೋಟಿಗೆ ಬರಲಿ ಎಂದು ನೀರು ಕುಡಿದೆ. ಆಗ ನಿಧಾನವಾಗಿ ವಿಷಯ ತಲೆಗೆ ಹತ್ತಿತು. ಫೇಲು. ಪರೀಕ್ಷೆ ಫೇಲಾಯಿತು. ಅಮ್ಮ ಹೋಗುವುದಿಲ್ಲ.

ನಿಜ ಹೇಳಬೇಕೆಂದರೆ ನನಗೆ ಖುಷಿಯಾಯಿತು. ಹೊಟ್ಟೆಗೆ ಹಾಲು ಹೊಯ್ದಷ್ಟು ಹಿತವಾಯಿತು. ಬೇಕೆಂದು ತಪ್ಪಿಸಿಕೊಂಡದ್ದಲ್ಲ, ಪ್ರಾಣ ಬಿಟ್ಟು ಓಡಿದ್ದೇನೆ, ಯಾರ ಮುಂದೆ ಬೇಕಾದರೂ ತಲೆ ಎತ್ತಿ ಹೇಳಬಹುದು. ಇನ್ನು ಮೊದಲಿನ ಹಾಗೆಯೇ ಬೆಳಗ್ಗೆ ಎದ್ದರೆ ಮುಂಗೋಣೆಯಲ್ಲಿ ಮಿಷನ್ ಸದ್ದು, ಸಂಜೆ ಬಂದರೆ ಮೇಜಿನ ಮೇಲೆ ಎರಡು ತಟ್ಟೆ. ಅಲ್ಲೇ ಒಂದು ಬನ್ನು ತೆಗೆದುಕೊಂಡು ತಿಂದೆ. ಚೆನ್ನಾಗಿತ್ತು ಎಂದೇ ನೆನಪು.

ಆ ಕಡೆಯ ನಿಲ್ದಾಣದಲ್ಲಿ ಇಳಿದಾಗ ಅಲ್ಲಿ ಹಗಲು. ಹೊರಬಾಗಿಲಲ್ಲಿ ಹೆಸರು ಹಿಡಿದ ಡ್ರೈವರುಗಳ ನಡುವೆ ಕನ್ನಡಕದವರು ನಿಂತಿದ್ದರು. ಅಮ್ಮ ಜಿಪ್ಪು ಹಾಕಿಕೊಟ್ಟ ಅದೇ ಕೋಟು. ನಿಂತೂ ನಿಂತೂ ಒಂದು ಕಾಲಿನ ಮೇಲೆ ಭಾರ ಹಾಕಿ ವಾಲಿದ್ದರು.

“ಟೈಮ್ ಮೀರಿ ಹೋಯ್ತಲ್ಲ,” ಎಂದರು. ಅದೇ ಅವರ ಸ್ವಾಗತ.

“ಮೀರಿತು. ನೀವು ಎಷ್ಟೊತ್ತಿಂದ ಇದೀರಿ?”

“ನೀವು ಹೊರಟ್ರಿ ಅಂತ ನಿಮ್ಮಮ್ಮ ಹೇಳಿದ್ರು, ಮೊದಲನೇ ವಿಮಾನಕ್ಕೇ ಬಂದೆ. ನೀವು ಅದರಲ್ಲಿ ಇಲ್ಲ, ಮುಂದಿನದ್ರಲ್ಲಿ ಬರ್ಬಹುದು ಅಂದ್ರು. ಮನೆಗೆ ಹೋಗಿ ಬರೋಷ್ಟು ಹೊತ್ತಿತ್ತು. ಆದ್ರೆ ಅಷ್ಟರಲ್ಲಿ ನೀವು ಹೇಗೋ ಬಂದ್ಬಿಟ್ರೆ?”

“ವಿಮಾನ ಇಲ್ದೆ ಹೇಗೆ ಬರ್ಲಿ ನಾನು, ಈಜಿಕೊಂಡಾ?”

“ಅದೂ ಸರಿ,” ಎಂದು ನಕ್ಕು ನನ್ನ ಪೆಟ್ಟಿಗೆಗೆ ಕೈ ಹಾಕಿದರು. ಒಳ್ಳೆಯವರನ್ನು ಬೈಯುವುದು ಬಲು ಕಷ್ಟದ ಕೆಲಸ. ಬೈಗಳನ್ನೆಲ್ಲ ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದೆ, ಒಂದೂ ಉಪಯೋಗಕ್ಕೆ ಬರಲಿಲ್ಲ.

ಬಸ್ಸಿನಲ್ಲಿ ಹೋದೆವು. ಕೆಳಗೆ ಅವರ ಅಂಗಡಿ, ಬಾಗಿಲಿಗೆ ‘ಇಂದು ರಜೆ’ ಎಂಬ ಚೀಟಿ, ಪಕ್ಕದಲ್ಲಿ ಮೇಲೆ ಹೋಗುವ ಮೆಟ್ಟಿಲು. ಮೇಲೆ ಹತ್ತಿ ಬಾಗಿಲು ತೆಗೆದವರು, ಪೆಟ್ಟಿಗೆ ಒಳಗಿಟ್ಟು, ನನ್ನನ್ನು ಹೊರಗೇ ಬಿಟ್ಟು ಬಾಗಿಲು ಹಾಕಿಕೊಂಡರು! ಒಳಗಿನಿಂದ ಅವರ ದನಿ ಬಂತು.

“ತಟ್ಟಿ. ತಟ್ಟಬೇಕಲ್ವಾ, ನಿಮ್ಮಮ್ಮ ಕೇಳ್ತಾರೆ.”

ತಟ್ಟಿದೆ. ನನ್ನನ್ನು ಅದೇ ಮೊದಲ ಬಾರಿಗೆ ನೋಡಿದ ಹಾಗೆ ಮುಖ ಅರಳಿಸಿಕೊಂಡು, “ಓಹೋ, ಬನ್ನಿ ಬನ್ನಿ,” ಎಂದು ಬಾಗಿಲು ತೆಗೆದರು. ಫೇಲಾದ ಪರೀಕ್ಷೆಯನ್ನೂ ಇಷ್ಟು ಶಿಸ್ತಾಗಿ ಮುಗಿಸುವ ಮನುಷ್ಯನನ್ನು ನಾನು ಕಂಡಿರಲಿಲ್ಲ. ನಗಬಾರದು ಎಂದುಕೊಂಡಿದ್ದೆ, ನಕ್ಕುಬಿಟ್ಟೆ.

ಮನೆ ಚಿಕ್ಕದು, ಚೊಕ್ಕಟ. ಕಿಟಕಿಯ ಕೆಳಗೆ ಬೆಳಕು ಎಡಗಡೆಯಿಂದ ಬೀಳುವ ಹಾಗೆ ಒಂದು ಮೇಜು, ಅದರ ಮೇಲೆ ಏನೂ ಇಲ್ಲ. ಹೊಲಿಗೆಯವರಿಗೆ ಬೆಳಕು ಎಡದಿಂದ ಬರಬೇಕೆಂದು ಯಾರು ಹೇಳಿಕೊಟ್ಟರೋ. ಇನ್ನೊಂದು ಸಣ್ಣ ಕೋಣೆಯಲ್ಲಿ ಹೊಸ ಹಾಸಿಗೆ, ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚಿರಲಿಲ್ಲ. “ಇದು ನಿಮ್ಮ ಮೂವರಿಗೆ,” ಎಂದರು. “ಯಾರು ಯಾವಾಗ ಬಂದ್ರೂ ಜಾಗ ಇರ್ಲಿ ಅಂತ.” ಹೇಳಿ ಆ ಕೋಣೆಯ ದೀಪ ಆರಿಸಿದರು.

ಸೂಪು, ಬ್ರೆಡ್ಡು ಮುಂದಿಟ್ಟು ಎದುರು ಕೂತರು. ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

“ನಾನೇ ಫೋನ್ ಮಾಡಿ ಹೇಳ್ತೀನಿ, ಆಗ್ಲಿಲ್ಲ ಅಂತ. ನೀವು ಹೇಳೋದು ಬೇಡ. ನಾಳೆ ದಿನ ಅವರಿಗೆ ನಿಮ್ಮ ಮೇಲೆ ಬೇಜಾರು ಉಳಿಯೋದು ಬೇಡ.”

“ಒಂದು ವಿಮಾನ ತಪ್ಪಿತು ಅಷ್ಟೇ. ಇನ್ನೊಂದು ಸಲ ನೋಡೋಣ ಅಂತ ನೀವು ಕೇಳೋದೂ ಇಲ್ವಾ?”

“ಕೇಳಿ ಏನ್ ಮಾಡ್ಲಿ? ನಿಜವಾದ ಫೋನ್ ಬಂದ ದಿನಾನೂ ವಿಮಾನ ತಪ್ಪಬಹುದು. ನಿಮ್ಮಮ್ಮ ಹೆದರೋದು ಅದಕ್ಕೇ ಅಲ್ವಾ.”

ಬನ್ನು ತಿಂದಾಗಿನ ಆ ಖುಷಿ ಹೊಟ್ಟೆಯಲ್ಲಿ ಎಲ್ಲೂ ಇರಲಿಲ್ಲ. ಚಮಚ ಕೆಳಗಿಟ್ಟು, “ಫೋನ್ ಕೊಡಿ. ಅವಳ ಹತ್ರ ಮಾತಾಡಬೇಕಾದೋಳು ನಾನು,” ಎಂದೆ.

ಮೊದಲ ರಿಂಗಿಗೇ ಎತ್ತಿದಳು. ಮುಂದೆಯೇ ಕೂತಿದ್ದಳು ಎಂದಾಯಿತು. ಆರಾಮಿದೀಯಾ, ಊಟ ಆಯ್ತಾ ಏನೂ ಇಲ್ಲ.

“ಬಾಗಿಲು ಯಾವಾಗ ತಟ್ದೆ?”

ಹೊತ್ತಿನೊಳಗೇ ತಟ್ಟಿದೆ ಎಂದು ಒಂದು ಸುಳ್ಳು ಹೇಳಿದ್ದರೆ ನಂಬುತ್ತಿದ್ದಳು. ಆದರೆ ಈ ವಿಷಯದಲ್ಲಿ ಅವಳಿಗೆ ಸುಳ್ಳು ಹೇಳಲು ನನಗೆ ನಾಲಿಗೆ ಏಳಲಿಲ್ಲ.

“ತಡ ಆಯ್ತಮ್ಮಾ. ನಡುವಿನ ವಿಮಾನ ತಪ್ಪಿಹೋಯ್ತು. ನಿನ್ನ ಒಂದು ದಿನ ದಾಟಿ ಬಹಳ ಹೊತ್ತಾದ್ಮೇಲೆ ತಟ್ಟಿದೆ.”

“ಸರಿ,” ಎಂದಳು. ಹೊಲಿದ ಪರದೆ ಬೇಡವೆಂದು ಗಿರಾಕಿ ಹೇಳಿದಾಗ ಮಡಿಸಿ ಒಳಗಿಡುತ್ತಾಳಲ್ಲ, ಅದೇ ದನಿ. “ಹಾಗಾದ್ರೆ ಆಗಲ್ಲ. ಮುಗೀತು ಬಿಡು. ಅವರಿಗೆ ಹೇಳು. ನೀನು ಏನಾದ್ರೂ ತಿಂದು ಮಲಗು.”

ನನಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು.

“ಏನು ಮುಗೀತು? ಅಪ್ಪ ಹೋದಾಗ ನೀನೆಷ್ಟು ದೂರ ಇದ್ದೆ?”

ಅಪ್ಪ ಹೋದದ್ದು ಒಂದು ಮಧ್ಯಾಹ್ನ, ಮಲಗುವ ಕೋಣೆಯಲ್ಲಿ, ಪೇಪರ್ ಓದುತ್ತಾ. ಅಮ್ಮ ಈ ಕಡೆ ಮುಂಗೋಣೆಯಲ್ಲಿ ಅರ್ಜೆಂಟಿನ ಪರದೆ ಹೊಲಿಯುತ್ತಿದ್ದಳು. ಚಹಾ ತೆಗೆದುಕೊಂಡು ಹೋದಾಗಲೇ ಗೊತ್ತಾದದ್ದು. ಆರು ವರ್ಷದಿಂದ ನಮ್ಮ ಮನೆಯಲ್ಲಿ ಯಾರೂ ಆ ಮಧ್ಯಾಹ್ನದ ಮಾತೆತ್ತಿಲ್ಲ. ಎದುರು ಕೂತ ಕನ್ನಡಕದವರು ಮೆಲ್ಲಗೆ ಎದ್ದು ಅಡುಗೆಮನೆಗೆ ಹೋದರು.

“ಗೋಡೆ ಆಚೆ,” ಎಂದಳು ಅಮ್ಮ. “ಗೋಡೆ ಆಚೆ ಇದ್ದೆ ಕಣೆ. ಮಿಷನ್ ಸದ್ದಲ್ಲಿ ಏನೂ ಕೇಳಿಸ್ಲಿಲ್ಲ.”

“ಅಮ್ಮಾ, ಬೈಯೋಕೆ ಹೇಳಿದ್ದಲ್ಲ.”

“ಗೊತ್ತು. ಕರೆದ್ರೋ ಏನೋ. ದಿನಾ ಅದೇ ಅನ್ಸುತ್ತೆ ನನಗೆ. ಕರೆದಿರಬಹುದು.”

ಅವಳು ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

“ನೋಡಮ್ಮಾ, ಗೋಡೆ ಆಚೆಯಿಂದ್ಲೇ ಬರೋಕಾಗ್ಲಿಲ್ಲ. ಇನ್ನು ವಿಮಾನದಲ್ಲಿ ಹೊತ್ತಿಗೆ ಸರಿಯಾಗಿ ಬರ್ತೀನಿ ಅಂತ ನಾನು ಮಾತು ಕೊಡಲ್ಲ. ನಿನಗೇನಾದ್ರೂ ಆದ್ರೆ ನಾನು ತಡವಾಗೇ ಬರ್ತೀನಿ. ನೀನು ಅಲ್ಲಿದ್ರೂ ಅಷ್ಟೇ, ಇಲ್ಲಿದ್ರೂ ಅಷ್ಟೇ. ಆದ್ರೆ ನೀನು ಚೆನ್ನಾಗಿರೋವಾಗ ಬರ್ತೀನಿ. ಸುಮ್ಮಸುಮ್ಮನೆ ಬರ್ತೀನಿ. ಬಂದು ಬಾಗಿಲು ತಟ್ತೀನಿ, ನೀನು ತೆಗಿ. ಸಾಕಲ್ವಾ ಅಷ್ಟು?”

ಲೈನು ಕಟ್ಟಾಯಿತೇನೋ ಎಂದು ಎರಡು ಸಲ ಹಲೋ ಎಂದೆ.

“ಇದೀನಿ,” ಎಂದಳು. “ನೀನು ಒಬ್ಬಳೇ ಆಗ್ತೀಯಲ್ಲೇ ಮೆಣಸಿನಕಾಯಿ.”

ಆಗ ಅರ್ಥವಾಯಿತು ನನಗೆ. ಆ ಟೋಕನ್ನು, ಆ ಪರೀಕ್ಷೆ, ಆಗದಿದ್ದರೆ ಹೋಗಲ್ಲ ಎಂಬ ಆ ಶಾಂತವಾದ ಮಾತು, ಅದರ ಹಿಂದೆ ಅವಳ ತಾಯಿಯೂ ಇರಲಿಲ್ಲ, ದೋಣಿಯೂ ಇರಲಿಲ್ಲ. ನನ್ನನ್ನು ಬಿಟ್ಟು ಹೋಗುತ್ತೇನೆ ಎನ್ನಲು ಅವಳಿಗೆ ಬಾಯಿ ಬಂದಿರಲಿಲ್ಲ. ದಾರಿಯೇ ಹೇಳಲಿ ಎಂದು ಆ ತೀರ್ಮಾನವನ್ನು ದಾರಿಯ ಮೇಲೆ ಹಾಕಿದ್ದಳು. ನಾನು ಅವಳನ್ನು ಕಟ್ಟಿಹಾಕಿದ್ದೆ, ನನ್ನ ಊದಿದ ಮುಖದಿಂದಲೇ.

“ಆಗ್ತೀನಿ,” ಎಂದೆ. “ಒಬ್ಬಳೇ ಆಗ್ತೀನಿ. ಏನಾಯ್ತೀಗ? ನಿನ್ನೆ ಒಬ್ಬಳೇ ಆಕಾಶದಲ್ಲಿದ್ದೆ, ಸತ್ತುಹೋದ್ನಾ?”

ಅಮ್ಮ ಸಣ್ಣಗೆ ನಕ್ಕಳು. ನಕ್ಕ ಮೇಲೆ, “ಹೇಗಿತ್ತೇ ಮೇಲೆ?” ಎಂದು ಕೇಳಿದಳು.

“ಚೆನ್ನಾಗಿತ್ತಮ್ಮಾ. ತುಂಬಾ ಚೆನ್ನಾಗಿತ್ತು.”

“ನಿನ್ನನ್ನ ಅವತ್ತು ಕಳಿಸ್ಬೇಕಿತ್ತು ಕಣೆ. ತಪ್ಪಾಯ್ತು.”

ಈ ಒಂದು ಮಾತಿಗಾಗಿ ನಾನು ಎಷ್ಟು ವರ್ಷ ಕಾದಿದ್ದೆನೋ ದೇವರಿಗೇ ಗೊತ್ತು. ಬಂದರೆ ಏನೇನು ಹೇಳಬೇಕು ಎಂದು ಎಲ್ಲ ತಯಾರು ಮಾಡಿಟ್ಟುಕೊಂಡಿದ್ದೆ.

“ಹೋಗ್ಲಿ ಬಿಡು,” ಎಂದೆ. “ಟಿಕೆಟ್ ಮಾಡ್ಲಾ?”

“ಅವರು ಏನಂತಾರೆ?”

“ಅವರು ಅಡುಗೆಮನೆಯಲ್ಲಿ ತೊಳೆದಿರೋ ಪಾತ್ರೇನೇ ಮತ್ತೆ ತೊಳೀತಿದಾರೆ. ಅವರನ್ನ ಏನು ಕೇಳೋದು? ನೀನು ಹೇಳು. ಮಾಡ್ಲಾ?”

“ಮಾಡು,” ಎಂದಳು ಅಮ್ಮ.

ಫೋನ್ ಕೆಳಗಿಟ್ಟೆ. ಅಡುಗೆಮನೆಯ ನಲ್ಲಿ ನಿಂತಿತು, ಅವರು ಬಾಗಿಲಲ್ಲಿ ಬಂದು ಒದ್ದೆ ಕೈಯಲ್ಲೇ ನಿಂತರು. ಏನಾಯಿತು ಎಂದು ಕೇಳುವ ಧೈರ್ಯ ಅವರಿಗಿರಲಿಲ್ಲ. ಅಮ್ಮ ಬರುತ್ತಾಳೆ ಎಂದು ಹೇಳಲು ಬಾಯಿ ತೆರೆದೆ. ಬಂದದ್ದು ಅಳು. ಅವಳು ನನ್ನ ಮನೆಯಿಂದ ಹೋಗುತ್ತಾಳೆ ಎಂಬುದು ನನಗೆ ನಿಜವಾಗಿ ತಟ್ಟಿದ್ದು ಆಗಲೇ.